ರೀಲ್ ಮಷೀನ್ ಸರಳ, ಡಿಜಿಟಲ್ ಕಷ್ಟ ಅನ್ನೋದು ಎಷ್ಟು ನಿಜ?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿದ್ದೇನೆ. ಕಲಬುರಗಿಯ ಒಂದು ಥಿಯೇಟರ್‌ನವರು ಆಪರೇಟರ್ ಕೆಲಸಕ್ಕೆ ಬಾ ಅಂತ ಕರೆದಿದ್ದಾರೆ. ನಮ್ಮ ಕಾಕಾ ಬಹಳ ವರ್ಷ ರೀಲ್ ಮಷೀನ್ ಓಡಿಸಿದವರು. "ರೀಲಿನ ಮಷೀನ್ ಎಷ್ಟು ಸರಳ ಇತ್ತು! ಈಗ ಸುಮ್ನೆ ಬಟನ್ ಒತ್ತೋದು, ಕೆಟ್ಟರೆ ಕೈಕಟ್ಟಿ ಕೂಡೋದು. ಅದೇನು ಆಪರೇಟರ್ ಕೆಲಸ?" ಅಂತಾರೆ. ಅದೇ ಥಿಯೇಟರ್‌ಗೆ ಹೊಸ ಸಿನಿಮಾ ನೋಡೋಕೆ ಹೋಗಿದ್ದೆ. "ಕೀ ಬಂದಿಲ್ಲ" ಅಂತ ಮಾರ್ನಿಂಗ್ ಶೋ ರದ್ದಾಯಿತು, ಮ್ಯಾಟ್ನಿಗೆ ಶುರುವಾಯಿತು. ಕಾಕಾ ಹೇಳೋದು ನಿಜವಾ? ಈ ಕೆಲಸದಲ್ಲಿ ಕಲಿಯೋದು ಏನಾದರೂ ಇದೆಯಾ? ಮನೆಯಲ್ಲಿ ಒಂದು ಹಳೆ ಮಷೀನ್, ನಾಲ್ಕಾರು ಡಬ್ಬಿ ರೀಲ್ ಬಿದ್ದಿವೆ. ಗುಜರಿಗೆ ಹಾಕೋಣವಾ?

ಉತ್ತರ: ನಿಮ್ಮ ಕಾಕಾ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ಮೊದಲು ಆ ಕೀ ವಿಷಯ ಮುಗಿಸಿಬಿಡೋಣ.

ಈಗ ಥಿಯೇಟರ್‌ಗೆ ಸಿನಿಮಾ ಬರುವುದು ಒಂದು ಗಂಟು ಫೈಲ್‌ಗಳಾಗಿ. ಅದಕ್ಕೆ ಡಿಸಿಪಿ ಅಂತಾರೆ. ಹಾರ್ಡ್ ಡಿಸ್ಕ್‌ನಲ್ಲಿ ಬರಬಹುದು, ಮಾಳಿಗೆ ಮೇಲಿನ ಡಿಶ್‌ನಿಂದ ಇಳಿಯಬಹುದು, ಇಂಟರ್‌ನೆಟ್‌ನಲ್ಲೂ ಬರಬಹುದು. ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳು 2002ರಲ್ಲಿ ಡಿಸಿಐ ಅಂತ ಒಂದು ಕೂಟ ಕಟ್ಟಿಕೊಂಡು, 2005ರಲ್ಲಿ ಇದಕ್ಕೆಲ್ಲ ನಿಯಮ ಬರೆದವು. ಅದರ ಪ್ರಕಾರ ಒಂದೊಂದು ಫ್ರೇಮೂ ಬೇರೆ ಬೇರೆ ಚಿತ್ರ, ಜೆಪೆಗ್ 2000 ರೀತಿಯಲ್ಲಿ ಕುಗ್ಗಿಸಿದ್ದು. ಸೆಕೆಂಡಿಗೆ ಹೆಚ್ಚೆಂದರೆ 250 ಮೆಗಾಬಿಟ್. ಎರಡೂವರೆ ಗಂಟೆಯ ಸಿನಿಮಾಕ್ಕೆ ಲೆಕ್ಕ ಹಾಕಿದರೆ ಚಿತ್ರವೊಂದೇ 280 ಜಿಬಿ ತನಕ ಹೋಗಬಹುದು. ಬಂದ ಫೈಲ್‌ಗೆ ಬೀಗ ಹಾಕಿರುತ್ತದೆ. ನೀವು ಕದ್ದು ಮನೆಗೆ ಒಯ್ದರೂ ಒಂದು ಫ್ರೇಮ್ ಸಹ ನೋಡಲು ಆಗುವುದಿಲ್ಲ.

ಬೀಗ ತೆರೆಯುವ ಕೀ ಬೇರೆ ಬರುತ್ತದೆ. ಅದಕ್ಕೆ ಕೆಡಿಎಂ ಅನ್ನುತ್ತಾರೆ. ಕೆಲವೇ ಕಿಲೋಬೈಟ್‌ನ ಸಣ್ಣ ಫೈಲ್, ಹೆಚ್ಚಾಗಿ ಇಮೇಲ್‌ನಲ್ಲಿ ಬರುತ್ತದೆ. ಅದರಲ್ಲಿ ಮೂರು ವಿಷಯ ಕಟ್ಟಿರುತ್ತವೆ. ಯಾವ ಸಿನಿಮಾ, ಯಾವ ಸರ್ವರ್ (ಥಿಯೇಟರ್‌ನಲ್ಲಿ ಸಿನಿಮಾ ಫೈಲ್ ಇಟ್ಟುಕೊಂಡು ಓಡಿಸುವ ಕಂಪ್ಯೂಟರ್), ಯಾವ ಹೊತ್ತಿನಿಂದ ಯಾವ ಹೊತ್ತಿನ ತನಕ. ಪಕ್ಕದ ಸ್ಕ್ರೀನಿಗೆ ಬಂದ ಕೀ ನಿಮ್ಮ ಸ್ಕ್ರೀನಿಗೆ ಆಗುವುದಿಲ್ಲ. ಹತ್ತೂವರೆಗೆ ತೆರೆಯುವ ಕೀ ಹತ್ತೂಕಾಲಿಗೆ ತೆರೆಯುವುದಿಲ್ಲ. ಗಡಿಯಾರ ಹಿಂದೆ ಮುಂದೆ ಮಾಡಿ ಮೋಸ ಮಾಡೋಣ ಅಂದರೆ ಅದಕ್ಕೂ ತಡೆ ಇದೆ. ಬೀಗ ತೆರೆಯುವ ಆ ಮಷೀನಿನೊಳಗಿನ ಗಡಿಯಾರವನ್ನು ವರ್ಷಕ್ಕೆ ಆರು ನಿಮಿಷಕ್ಕಿಂತ ಜಾಸ್ತಿ ಸರಿಸಲು ನಿಯಮ ಬಿಡುವುದಿಲ್ಲ.

ಹಾಗಾದರೆ ಅವತ್ತು ಏನಾಗಿರಬಹುದು? ಸಾಮಾನ್ಯವಾಗಿ ಮೂರರಲ್ಲಿ ಒಂದು. ಹಂಚಿಕೆದಾರರಿಗೆ ಹೋಗಬೇಕಾದ ಹಣ ಹೋಗಿರುವುದಿಲ್ಲ, ಅವರು ಕೀ ತಡೆಹಿಡಿದಿರುತ್ತಾರೆ. ಇಲ್ಲವೇ ಸರ್ವರ್ ರಿಪೇರಿಗೆ ಹೋಗಿ ಬದಲಿ ಬಂದಿರುತ್ತದೆ, ಕೀ ಮಾತ್ರ ಹಳೆಯ ಸರ್ವರ್ ಹೆಸರಿಗೇ ಬಂದಿರುತ್ತದೆ. ಇಲ್ಲವೇ ಸಿನಿಮಾದ್ದೇ ಹೊಸ ಪ್ರತಿ ಕಳಿಸಿರುತ್ತಾರೆ, ಕೊನೇ ಗಳಿಗೆಯಲ್ಲಿ ಎರಡು ನಿಮಿಷ ಕತ್ತರಿಸಿರುತ್ತಾರೆ, ಹಳೆ ಕೀ ಅದಕ್ಕೆ ಹೊಂದುವುದಿಲ್ಲ. ಮ್ಯಾಟ್ನಿಗೆ ಶುರುವಾಯಿತು ಅಂದರೆ ಫೋನಿನಲ್ಲಿ ಬಗೆಹರಿಯುವ ಸಮಸ್ಯೆಯೇ ಇತ್ತು. ಮಷೀನ್ ಕೆಟ್ಟಿರಲಿಲ್ಲ.

ಈಗ ಕಾಕಾ ಅವರನ್ನು ಒಂದು ಮಾತು ಕೇಳಿ. "ರೀಲಿನ ಪೆಟ್ಟಿಗೆ ಬಂದಿಲ್ಲ" ಅಂತ ಅವರ ಕಾಲದಲ್ಲಿ ಎಷ್ಟು ಶುಕ್ರವಾರ ಗೇಟ್ ಮುಂದೆ ಗದ್ದಲ ಆಗಿಲ್ಲ? ಕನ್ನಡ ಸಿನಿಮಾ ಅಂದರೆ ಗಾಂಧಿನಗರದ ಕಡೆಯಿಂದ ಬರಬೇಕು, ಹಿಂದಿ, ತೆಲುಗು ಅಂದರೆ ಹೈದರಾಬಾದ್ ಕಡೆಯಿಂದ. ಉದ್ಯಾನ್ ಎಕ್ಸ್‌ಪ್ರೆಸ್ ಲೇಟಾದರೆ ಶೋ ಲೇಟು. ಲ್ಯಾಬಿನ ಬಾಕಿ ತೀರದಿದ್ದರೆ ಪ್ರಿಂಟೇ, ಅಂದರೆ ಸಿನಿಮಾದ ರೀಲ್ ಪ್ರತಿಯೇ, ಹೊರಗೆ ಬರುತ್ತಿರಲಿಲ್ಲ. ಇನ್ನು ಒಂದೇ ಪ್ರಿಂಟನ್ನು ಎರಡು ಥಿಯೇಟರ್ ಹಂಚಿಕೊಂಡ ದಿನಗಳೂ ಇದ್ದವು. ಇಲ್ಲಿ ಮೂರನೇ ರೀಲ್ ಮುಗಿಯುತ್ತಿದ್ದ ಹಾಗೆ ಹುಡುಗ ಅದನ್ನು ಸೈಕಲ್‌ಗೆ ಕಟ್ಟಿಕೊಂಡು ಅಲ್ಲಿಗೆ ಓಡುತ್ತಿದ್ದ. ರೈಲ್ವೆ ಗೇಟ್ ಬಿದ್ದರೆ ಅಲ್ಲಿನ ಪರದೆ ಬೆಳ್ಳಗೆ. ಆದ್ದರಿಂದ ಶೋ ನಿಲ್ಲುವುದನ್ನು ಡಿಜಿಟಲ್ ತಂದಿಲ್ಲ. ನಿಲ್ಲಿಸುವ ಕೈ ಮಾತ್ರ ಬದಲಾಗಿದೆ.

ಇನ್ನು ಸರಳತೆಯ ಮಾತು. ರೀಲ್ ಮಷೀನ್ ಒಳಗೆ ಏನಿದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮನೆಯಲ್ಲೇ ಇದೆ, ಮುಚ್ಚಳ ತೆಗೆದು ನೋಡುತ್ತಲೇ ಓದಬಹುದು.

35 ಎಂಎಂ ಫಿಲ್ಮ್‌ನ ಎರಡೂ ಅಂಚಿಗೆ ತೂತುಗಳಿರುತ್ತವೆ. ಒಂದು ಫ್ರೇಮಿಗೆ ನಾಲ್ಕು ತೂತು, ಒಂದು ಅಡಿಗೆ 16 ಫ್ರೇಮ್, ಸೆಕೆಂಡಿಗೆ 24 ಫ್ರೇಮ್. ಅಂದರೆ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಗೆ 13,500 ಅಡಿ, ನಾಲ್ಕು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಸಿನಿಮಾದ ಮೊದಲಿಗೆ ಬರುವ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಉದ್ದ ಇಷ್ಟು ಮೀಟರ್, ರೀಲ್ ಇಷ್ಟು ಅಂತ ಇರುತ್ತಿತ್ತಲ್ಲ, ಅದು ಇದೇ ಲೆಕ್ಕ.

ಫಿಲ್ಮ್ ಸುಮ್ನೆ ಜಾರಿಕೊಂಡು ಹೋದರೆ ಪರದೆ ಮೇಲೆ ಬರೀ ಗೆರೆ ಕಾಣುತ್ತದೆ. ಒಂದೊಂದು ಫ್ರೇಮೂ ಲೆನ್ಸ್ ಹಿಂದೆ ಒಂದು ಕ್ಷಣ ನಿಲ್ಲಬೇಕು, ಆಮೇಲೆ ಥಟ್ಟನೆ ಮುಂದಿನದು ಬರಬೇಕು. ಹೊಲಿಗೆ ಮಷೀನ್ ಬಟ್ಟೆಯನ್ನು ತಡೆದು ತಡೆದು ಮುಂದೆ ಎಳೆಯುವ ಹಾಗೆ. ಆ ಕೆಲಸ ಮಾಡುವುದು ಮಾಲ್ಟೀಸ್ ಕ್ರಾಸ್ ಅನ್ನುವ ಒಂದು ಸಣ್ಣ ಉಕ್ಕಿನ ಬಿಡಿಭಾಗ. ನಾಲ್ಕು ಸೀಳುಗಳಿರುವ ಶಿಲುಬೆ ಆಕಾರ. ಪಕ್ಕದಲ್ಲಿ ನಿಲ್ಲದೆ ತಿರುಗುವ ಒಂದು ಚಕ್ರ, ಅದಕ್ಕೆ ಒಂದು ಪಿನ್. ಪಿನ್ ಸೀಳಿನೊಳಗೆ ಹೊಕ್ಕಾಗ ಕ್ರಾಸ್ ಕಾಲು ಸುತ್ತು ತಿರುಗುತ್ತದೆ, ಪಿನ್ ಹೊರಬಂದಾಗ ಗಟ್ಟಿಯಾಗಿ ನಿಲ್ಲುತ್ತದೆ. ಕ್ರಾಸ್ ಕೂತ ಕಂಬಿಗೇ ಕೂಡಿಸಿದ ಹಲ್ಲಿನ ಗಾಲಿಗೆ 16 ಹಲ್ಲು. ಕಾಲು ಸುತ್ತಿಗೆ ನಾಲ್ಕು ಹಲ್ಲು, ನಾಲ್ಕು ತೂತು, ಒಂದು ಫ್ರೇಮ್. ಲೆಕ್ಕ ಎಷ್ಟು ಚೆನ್ನಾಗಿ ಕೂಡಿದೆ ನೋಡಿ! ಎರಡೂವರೆ ಗಂಟೆಯ ಒಂದು ಶೋಗೆ ಇದು 2,16,000 ಸಲ ನಡೆಯುತ್ತದೆ. ಎಣ್ಣೆಯಲ್ಲಿ ಮುಳುಗಿರುತ್ತದೆ. ಎಣ್ಣೆ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ.

ಫಿಲ್ಮ್ ಜಗ್ಗುವ ಹೊತ್ತಿಗೆ ಬೆಳಕು ಮುಚ್ಚಲು ತಿರುಗುವ ಶಟರ್ ಇದೆ. ಅದಕ್ಕೆ ಎರಡು ರೆಕ್ಕೆ. ಒಂದು, ಫಿಲ್ಮ್ ಸರಿಯುವಾಗ ಮುಚ್ಚುತ್ತದೆ. ಇನ್ನೊಂದು, ಫ್ರೇಮ್ ನಿಂತಿದ್ದಾಗಲೇ ಬೇಕಂತಲೇ ಒಮ್ಮೆ ಮುಚ್ಚುತ್ತದೆ. ಹಾಗಾಗಿ ಸೆಕೆಂಡಿಗೆ 48 ಸಲ ಬೆಳಕು ಮಿನುಗುತ್ತದೆ. ಬರೀ 24 ಸಲ ಮಿನುಗಿದರೆ ಕಣ್ಣಿಗೆ ಪಟಪಟ ಅನ್ನುವುದು ಗೊತ್ತಾಗುತ್ತದೆ. ರೀಲ್ ಸಿನಿಮಾ ನೋಡುತ್ತಾ ನಾವು ಸುಮಾರು ಅರ್ಧ ಹೊತ್ತು ಕತ್ತಲಲ್ಲೇ ಕೂತಿರುತ್ತಿದ್ದೆವು ಅಂದರೆ ಎಷ್ಟೋ ಜನ ನಂಬುವುದಿಲ್ಲ.

ಶಬ್ದದ ಪಟ್ಟಿಯೂ ಅದೇ ಫಿಲ್ಮ್‌ನ ಅಂಚಿನಲ್ಲಿ ಇರುತ್ತದೆ. ಸಣ್ಣ ಬಲ್ಬಿನ ಬೆಳಕು ಅದನ್ನು ಹಾದು, ಬೆಳಕನ್ನು ಕರೆಂಟಾಗಿ ಮಾಡುವ ಫೋಟೊಸೆಲ್ ಮೇಲೆ ಬೀಳುತ್ತದೆ. ಆದರೆ ಆ ಫ್ರೇಮಿನ ಶಬ್ದ ಅದರ ಪಕ್ಕದಲ್ಲೇ ಇರುವುದಿಲ್ಲ. ಸುಮಾರು 20 ಫ್ರೇಮ್ ಮುಂದೆ ಇರುತ್ತದೆ, ಅಂದರೆ ಒಂದೂಕಾಲು ಅಡಿ. ಯಾಕೆ? ಲೆನ್ಸ್ ಹಿಂದೆ ಫಿಲ್ಮ್ ಕುಣಿಯುತ್ತಾ ಹೋಗುತ್ತದೆ. ಶಬ್ದಕ್ಕೆ ಅದು ಒಂದೇ ಸಮನೆ ಹೋಗಬೇಕು. ಎರಡರ ನಡುವೆ ಫಿಲ್ಮನ್ನು ಒಂದು ಸಡಿಲ ಕುಣಿಕೆಯಾಗಿ ಬಿಡುತ್ತಾರೆ. ಅದೇ ಲೂಪ್. ಲೂಪ್ ಚಿಕ್ಕದಾದರೆ ಫಿಲ್ಮ್ ಹರಿಯುತ್ತದೆ, ದೊಡ್ಡದಾದರೆ ಬಡಿದುಕೊಳ್ಳುತ್ತದೆ, ಎಣಿಕೆ ತಪ್ಪಿದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಹಳೆ ಆಪರೇಟರ್‌ಗಳು ಇದನ್ನು ಅಳತೆಪಟ್ಟಿ ಹಿಡಿದು ನೋಡುತ್ತಿರಲಿಲ್ಲ. ಲೂಪಿನೊಳಗೆ ಬೆರಳು ಇಟ್ಟು ನೋಡುತ್ತಿದ್ದರು.

ಕಾಕಾ "ಸರಳ" ಅನ್ನುವುದು ಇದಕ್ಕೇ. ಒಳಗಿರುವುದೆಲ್ಲ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಕೈಗೆ ಸಿಗುತ್ತದೆ. ಫಿಲ್ಮ್ ಹರಿಯಿತೇ? ಹರಿದ ಕಡೆ ಚೌಕವಾಗಿ ಕತ್ತರಿಸಿ, ಕೆರೆದು, ಫಿಲ್ಮ್ ಸಿಮೆಂಟ್ ಅನ್ನುವ ಅಂಟು ಹಚ್ಚಿ ಒತ್ತು. ಎರಡು ನಿಮಿಷದಲ್ಲಿ ಶೋ ಮತ್ತೆ ಶುರು. ನಾಲ್ಕು ಫ್ರೇಮ್ ಹೋದವು, ಹಾಡು ಒಮ್ಮೆ ಎಗರಿತು, ಜನ ಸಿಳ್ಳೆ ಹೊಡೆದರು, ಆಯಿತು. ಬೆಲ್ಟ್ ಹೋದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ ಬೇರೆ ಮಷೀನಿನದ್ದಾದರೂ ಒಂದು ತಂದು ಹಾಕುತ್ತಿದ್ದರು. ಗಾಲಿ ಸವೆದರೆ ಲೇತ್ ಅಂಗಡಿ ಇತ್ತು. ಈ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಕೆಲಸ ಸರಳ ಇರಲಿಲ್ಲ. ಅವರ ಕೈ ಪಳಗಿತ್ತು, ಅದಕ್ಕೆ ಈಗ ಹಾಗೆ ಅನ್ನಿಸುತ್ತಿದೆ. ಕಾರ್ಬನ್ ಕಡ್ಡಿಗಳ ದೀಪ ನೆನಪಿಸಿಕೊಳ್ಳಲಿ. ಎರಡು ಕಡ್ಡಿ ಎದುರುಬದುರು, ನಡುವೆ ಬೆಂಕಿಯ ಕಮಾನು. ಕಡ್ಡಿ ಸವೆದ ಹಾಗೆ ನಡುವಿನ ಅಂತರ ಹೆಚ್ಚುತ್ತದೆ, ಬೆಳಕು ನಡುಗುತ್ತದೆ. ಕಪ್ಪು ಗಾಜಿನಲ್ಲಿ ಇಣುಕುತ್ತಾ ಅದನ್ನು ಹತ್ತಿರಕ್ಕೆ ತಿರುಗಿಸುತ್ತಲೇ ಇರಬೇಕು. ಹೊಗೆ ಬೇರೆ. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಬಿಸಿಲು, ಒಳಗೆ ತಗಡಿನ ಚಿಮಣಿ. 2000 ಅಡಿಯ ಸ್ಪೂಲ್ ಇಪ್ಪತ್ತು ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಅಷ್ಟರೊಳಗೆ ಪಕ್ಕದ ಮಷೀನಿಗೆ ಮುಂದಿನ ರೀಲ್ ಏರಿಸಿರಬೇಕು. ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಬಂದರೆ ಮೋಟರ್ ಶುರು ಮಾಡು, ಸುಮಾರು ಏಳು ಸೆಕೆಂಡಿಗೆ ಎರಡನೇ ಚುಕ್ಕೆ ಬಂದರೆ ಬೆಳಕು ಬದಲಿಸು. ಬೀಡಿ ಸೇದಲು ಹೊರಗೆ ಹೋದವನಿಗೆ ಚುಕ್ಕೆ ಕಾಯುವುದಿಲ್ಲ. ಫಿಲ್ಮ್ ಲೆನ್ಸ್ ಹಿಂದಿನ ಗೇಟಿನಲ್ಲಿ ಸಿಕ್ಕಿಕೊಂಡರಂತೂ ದೀಪದ ಬಿಸಿಗೆ ನಾಯಕನ ಮುಖದ ನಡುವೆ ಕಂದು ಗುಳ್ಳೆ ಎದ್ದು ಹರಡುವುದನ್ನು ಇಡೀ ಥಿಯೇಟರ್ ನೋಡುತ್ತಿತ್ತು.

ಇನ್ನೊಂದು ಮಾತು ಇದೆ. ರೀಲಿನ ಬಗ್ಗೆ ಪ್ರೀತಿಯಿಂದ ಮಾತಾಡುವವರು ಇದನ್ನು ಮರೆತೇಬಿಡುತ್ತಾರೆ. ಪ್ರಿಂಟ್ ದುಬಾರಿ. ಎಲ್ಲ ಊರಿಗೂ ಸಾಕಾಗುವಷ್ಟು ಹಾಕುತ್ತಿರಲಿಲ್ಲ. ಬೆಂಗಳೂರಿನಲ್ಲಿ ಓಡಿ, ಹುಬ್ಬಳ್ಳಿಯಲ್ಲಿ ಓಡಿ, ಕಲಬುರಗಿಯಲ್ಲಿ ಓಡಿ, ಆಮೇಲೆ ಶಹಾಪುರ, ಸುರಪುರ, ಚಿಂಚೋಳಿ ಕಡೆ ಬರುತ್ತಿತ್ತು. ಅಷ್ಟೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಪ್ರಿಂಟಿನ ಉದ್ದಕ್ಕೂ ಗೀಚು. ಪರದೆ ಮೇಲೆ ಬೇಸಿಗೆಯಲ್ಲೂ ಮಳೆ. ರೀಲಿನ ತುದಿಗಳು ಸವೆದು, ಕತ್ತರಿಸಿ ಕತ್ತರಿಸಿ, ಎರಡು ರೀಲ್ ಕೂಡುವ ಕಡೆ ಮಾತೇ ಹಾರಿಹೋಗುತ್ತಿತ್ತು. ಹಾಡಿನ ರೀಲ್ ಅಂತೂ ಕೇಳಬೇಡಿ. ನಮ್ಮ ಭಾಗದ ಜನ ಎಷ್ಟೋ ವರ್ಷ ಸಿನಿಮಾ ನೋಡಿದ್ದೇ ಬೇರೆಯವರು ಓಡಿಸಿ ಸವೆಸಿ ಬಿಟ್ಟ ಪ್ರಿಂಟಿನಲ್ಲಿ. ಈಗ ಬೆಂಗಳೂರಿನಲ್ಲಿ ಬಿಡುಗಡೆಯಾದ ಶುಕ್ರವಾರವೇ ನಿಮ್ಮ ಊರಲ್ಲೂ ಬರಬಹುದು. ನೂರನೇ ಶೋದ ಚಿತ್ರ ಮೊದಲನೇ ಶೋದಷ್ಟೇ ಸ್ವಚ್ಛ. ನನಗೆ ಕೇಳಿದರೆ ಬೀದರ್, ಕಲಬುರಗಿ, ಯಾದಗಿರಿ ಪ್ರೇಕ್ಷಕನಿಗೆ ಡಿಜಿಟಲ್ ಮಾಡಿದ ದೊಡ್ಡ ಉಪಕಾರ ಇದು. ಉಳಿದ ಜಗಳವೆಲ್ಲ ಇದರ ಕೆಳಗೆ.

ಈಗ ಡಿಜಿಟಲ್ ಮಷೀನ್ ಒಳಗೆ ಬನ್ನಿ. ನೀವು ಎಲೆಕ್ಟ್ರಿಷಿಯನ್, ಬೇಗ ಹಿಡಿಯುತ್ತೀರಿ. ಕ್ರಿಸ್ಟಿ, ಬಾರ್ಕೊ, ಎನ್‌ಇಸಿ, ಯಾವುದೇ ಹೆಸರಿರಲಿ, ಡಿಎಲ್‌ಪಿ (ಸಣ್ಣ ಕನ್ನಡಿಗಳಿಂದ ಚಿತ್ರ ಮೂಡಿಸುವ) ಮಷೀನ್ ಆದರೆ ಒಳಗಿನ ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದು. ಅಲ್ಲಿನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದದ್ದು. ಚಿಪ್ ಮೇಲೆ ಸಾಲು ಸಾಲಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಕನ್ನಡಿಗಳು. 2ಕೆ ಅಂದರೆ ಅಡ್ಡಕ್ಕೆ 2048, ಉದ್ದಕ್ಕೆ 1080. ಒಟ್ಟು 22 ಲಕ್ಷಕ್ಕೂ ಜಾಸ್ತಿ. ಅಂಥ ಚಿಪ್ ಮೂರು, ಕೆಂಪಿಗೆ, ಹಸಿರಿಗೆ, ನೀಲಿಗೆ ಒಂದೊಂದು. ದೀಪದ ಬೆಳಕನ್ನು ಒಂದು ಪ್ರಿಸಂ ಮೂರು ಬಣ್ಣವಾಗಿ ಒಡೆದು ಮೂರಕ್ಕೂ ಕೊಡುತ್ತದೆ, ಮತ್ತೆ ಕೂಡಿಸಿ ಲೆನ್ಸಿಗೆ ಕಳಿಸುತ್ತದೆ. ಕನ್ನಡಿ ಈ ಕಡೆ ವಾಲಿದರೆ ಬೆಳಕು ಪರದೆಗೆ, ಆ ಕಡೆ ವಾಲಿದರೆ ವ್ಯರ್ಥಕ್ಕೆ. ನಡುವಿನ ಬೂದು ಬಣ್ಣ ಬೇಕಾದರೆ ಸೆಕೆಂಡಿಗೆ ಸಾವಿರಾರು ಸಲ ಆಚೆ ಈಚೆ ಬಡಿದು, ಎಷ್ಟು ಹೊತ್ತು ಈ ಕಡೆ ಇತ್ತು ಅನ್ನುವುದರ ಮೇಲೆ ಕಣ್ಣಿಗೆ ಬೂದು ಅನ್ನಿಸುತ್ತದೆ. ಫಿಲ್ಮ್ ಎಳೆಯುವ ಕೆಲಸವಿಲ್ಲ, ಶಟರ್ ಇಲ್ಲ. ಹಾಗಾಗಿ ಚಿತ್ರ ಕಲ್ಲಿನಂತೆ ನಿಲ್ಲುತ್ತದೆ. ಕಪ್ಪು ಮಾತ್ರ ಒಳ್ಳೆಯ ಹೊಸ ಪ್ರಿಂಟಿನ ಕಪ್ಪಿನಷ್ಟು ಆಳ ಬರುವುದಿಲ್ಲ. ರಾತ್ರಿ ದೃಶ್ಯದಲ್ಲಿ ನೋಡಿ, ಕತ್ತಲು ಸ್ವಲ್ಪ ಬೂದಿ ಬಳಿದ ಹಾಗಿರುತ್ತದೆ.

ನಮ್ಮ ಕಡೆಯ ಎಲ್ಲ ಥಿಯೇಟರ್‌ಗಳಲ್ಲೂ ಡಿಸಿಐ ಮಷೀನೇ ಇದೆ ಅಂದುಕೊಳ್ಳಬೇಡಿ. ಸಣ್ಣ ಊರುಗಳಿಗೆ ಮೊದಲು ಬಂದದ್ದು ಅಗ್ಗದ ಇ-ಸಿನಿಮಾ. ಪಿಕ್ಸೆಲ್ ಕಡಿಮೆ, ಕುಗ್ಗಿಸುವ ರೀತಿ ಬೇರೆ, ಸಿನಿಮಾ ಬರುವುದು ಉಪಗ್ರಹದಿಂದ. ಅಲ್ಲೂ ಶೋಗೆ ಇಷ್ಟು ಅಂತ ಅನುಮತಿ ಬೇಕು. ಕೆಲಸಕ್ಕೆ ಸೇರುವ ಮೊದಲು ಅಲ್ಲಿರುವುದು ಯಾವ ಮಷೀನ್ ಅಂತ ವಿಚಾರಿಸಿಕೊಳ್ಳಿ.

ಇವೆಲ್ಲದರ ನಡುವೆ ಒಂದು ಬೀಗದ ಪೆಟ್ಟಿಗೆ ಇದೆ, ಮೀಡಿಯಾ ಬ್ಲಾಕ್. ಸಿನಿಮಾದ ಬೀಗ ತೆರೆಯುವುದು ಅದರೊಳಗೆ. ಅದನ್ನು ಬಿಚ್ಚಲು ಹೋದರೆ ಒಳಗಿನ ಗುಟ್ಟಿನ ಸಂಖ್ಯೆಗಳನ್ನು ತಾನೇ ಅಳಿಸಿಕೊಳ್ಳುತ್ತದೆ. ಒಳಗಿನ ಬ್ಯಾಟರಿ ಪೂರ್ತಿ ಸತ್ತರೂ ಅದೇ ಗತಿ. ಆಮೇಲೆ ಅದು ಬರೀ ತಗಡು, ಕಂಪನಿಗೇ ಕಳಿಸಬೇಕು. ಪ್ರೊಜೆಕ್ಟರ್‌ಗೂ ಅದಕ್ಕೂ ಜೋಡಿ ಹಾಕುವುದು ಸಹ ಅಧಿಕಾರ ಇದ್ದವರ ಕೆಲಸ. ಕಾಕಾ "ಕೈಕಟ್ಟಿ ಕೂಡೋದು" ಅಂದದ್ದು ಇಲ್ಲಿಗೆ ಸರಿಯಾಗಿ ತಾಗುತ್ತದೆ. ರೀಲ್ ಮಷೀನ್ ಸ್ವಲ್ಪ ಸ್ವಲ್ಪವೇ ಕೆಡುತ್ತಿತ್ತು. ಬೆಳಕು ಮಂಕಾಯಿತು, ಚಿತ್ರ ಅಲುಗಿತು, ಆದರೂ ಶೋ ನಡೆಯುತ್ತಿತ್ತು. ಇದು ಹಾಗಲ್ಲ. ನಿನ್ನೆ ತನಕ ನೂರಕ್ಕೆ ನೂರು, ಇವತ್ತು ಸೊನ್ನೆ. ನನಗೆ ಡಿಜಿಟಲ್ ಮೇಲೆ ಇರುವ ತಕರಾರು ಇದೊಂದೇ. ಕಳ್ಳತನ ತಡೆಯಲು ಬೀಗ ಬೇಕು, ಸರಿ. ಆದರೆ ಮಷೀನ್ ಕೊಂಡವನೇ ಅದರ ಮುಚ್ಚಳ ತೆಗೆಯಲು ಕೇಳಿ ಹೋಗಬೇಕು ಅನ್ನುವುದು ನನಗೆ ಇವತ್ತಿಗೂ ಸರಿಕಾಣುವುದಿಲ್ಲ.

ದುಡ್ಡಿನ ಜಗಳವೂ ಇದೆ. ಮಷೀನ್ ಹಾಕಿದ ಖರ್ಚು ತೀರಿಸಲು ಪ್ರತಿ ಸಿನಿಮಾಕ್ಕೂ ನಿರ್ಮಾಪಕರಿಂದ ವಿಪಿಎಫ್ ಅಂತ ಒಂದು ಶುಲ್ಕ ತೆಗೆದುಕೊಳ್ಳುತ್ತಾರೆ. 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಸಿನಿಮಾ ಬಿಡುಗಡೆ ನಿಲ್ಲಿಸಿದ್ದು ಇದಕ್ಕೇ. ನಿಮಗೆ ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಕಲಿಯೋದು ಏನಿದೆ ಅಂದಿರಿ. ಬಹಳ ಇದೆ. ಬಟನ್ ಒತ್ತುವುದು ಅದರಲ್ಲಿ ತೀರಾ ಸಣ್ಣದು.

ನಮ್ಮ ಭಾಗದಲ್ಲಿ ಈ ಮಷೀನಿಗೆ ಮೂವರು ವೈರಿಗಳು. ಧೂಳು, ಸೆಕೆ, ಕರೆಂಟು. ಧೂಳಿನ ಬಗ್ಗೆ ಕಲಬುರಗಿಯವರಿಗೆ ಹೇಳಬೇಕಾ? ತೊಗರಿ ಮಿಲ್ಲಿನ ಹೊಟ್ಟು, ಕಪ್ಪು ಮಣ್ಣು, ಶಹಾಬಾದ್ ಕಲ್ಲಿನ ಪುಡಿ. ಪ್ರೊಜೆಕ್ಟರ್‌ನ ಫ್ಯಾನು ಇದನ್ನೆಲ್ಲ ಒಳಗೆ ಎಳೆಯುತ್ತದೆ. ಕಂಪನಿಯ ಪುಸ್ತಕದಲ್ಲಿ ಫಿಲ್ಟರ್‌ಗೆ ಎಷ್ಟೇ ಅವಧಿ ಬರೆದಿರಲಿ, ಇಲ್ಲಿ ವಾರಕ್ಕೊಮ್ಮೆ ಬಿಚ್ಚಿ ನೋಡಿ. ಕರೆಂಟಿನ ವಿಷಯಕ್ಕೆ ಬಂದರೆ, ಜೆಸ್ಕಾಂ ಲೈನ್ ಅರ್ಧ ಸೆಕೆಂಡ್ ಕಣ್ಣು ಮಿಟುಕಿಸಿದರೂ ದೀಪ ಆರುತ್ತದೆ, ಸರ್ವರ್ ಮತ್ತೆ ಮೊದಲಿನಿಂದ ಏಳಬೇಕು. ಅದಕ್ಕೆ ನಿಮಿಷಗಳೇ ಬೇಕು. ಸರ್ವರ್ ಮತ್ತು ಎಲೆಕ್ಟ್ರಾನಿಕ್ಸ್‌ಗೆ ಒಳ್ಳೆಯ ಯುಪಿಎಸ್ ಕಡ್ಡಾಯ. ದೀಪ ಯುಪಿಎಸ್‌ಗೆ ಭಾರ, ಅದು ಜನರೇಟರ್ ಮೇಲೆ. ಆದರೆ ದೀಪ ಆರಿದ ಮೇಲೂ ಫ್ಯಾನು ಹತ್ತು ಹದಿನೈದು ನಿಮಿಷ ತಿರುಗಲೇಬೇಕು. ಆ ಫ್ಯಾನಿಗೆ ಯಾವ ಲೈನಿನಿಂದ ಕರೆಂಟ್ ಹೋಗುತ್ತದೆ ಅನ್ನುವುದನ್ನು ಮೊದಲ ದಿನವೇ ಪತ್ತೆ ಮಾಡಿ. ಅರ್ಥಿಂಗ್ ಕೂಡ ಅಳೆಯಿರಿ. ನಿಮ್ಮ ಐಟಿಐ ಓದು ಇಲ್ಲೇ ಕೆಲಸಕ್ಕೆ ಬರುವುದು.

ಬೀದರ್ ಜಿಲ್ಲೆಯ ಒಂದು ಥಿಯೇಟರ್‌ನಲ್ಲಿ ನಡೆದದ್ದು ಹೇಳುತ್ತೇನೆ. ಬೇಸಿಗೆಯಲ್ಲಿ ದಿನಾ ಮ್ಯಾಟ್ನಿ ನಡುವೆ ಪ್ರೊಜೆಕ್ಟರ್ "ಬಿಸಿ ಜಾಸ್ತಿ" ಅಂತ ತೋರಿಸಿ ತಾನೇ ಆಫ್ ಆಗುತ್ತಿತ್ತು. ಸರ್ವಿಸ್‌ನವರು ದೂರದಿಂದಲೇ ಲಾಗ್ ತೆರೆದು ನೋಡಿದರು. ಒಂದು ಬೋರ್ಡ್ ಬದಲಿಸಬೇಕು ಅಂದರು. ಅದರ ಬೆಲೆ ಕೇಳಿ ಮಾಲೀಕರು ತಲೆ ಮೇಲೆ ಕೈ ಹೊತ್ತರು. ಅಲ್ಲಿ ರೀಲ್ ಕಾಲದ ಒಬ್ಬ ಹಿರಿಯ ಆಪರೇಟರ್ ಇದ್ದರು. ಅವರಿಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ. ಅವರು ಮಷೀನ್ ಮೇಲಿನಿಂದ ಮಾಳಿಗೆಗೆ ಹೋಗುವ ಬಿಸಿಗಾಳಿ ಪೈಪನ್ನು ಉದ್ದಕ್ಕೂ ಅಂಗೈಯಿಂದ ಮುಟ್ಟುತ್ತಾ ಬಂದರು. ಕೆಳಗೆ ಸುಡುತ್ತಿತ್ತು, ಮೇಲಿನ ತುದಿ ಬರೀ ಬೆಚ್ಚಗಿತ್ತು. "ಗಾಳಿ ಮ್ಯಾಲ ಹೊಂಟಿಲ್ರಿ" ಅಂದರು. ಹತ್ತಿ ನೋಡಿದರೆ ಪೈಪಿನ ಬಾಯಿಗೆ ಹಾಕಿದ್ದ ಜಾಲರಿ ಹರಿದು, ಒಳಗೆ ಪಾರಿವಾಳ ಗೂಡು ಕಟ್ಟಿತ್ತು. ಗೂಡು ತೆಗೆದು ಹೊಸ ಜಾಲರಿ ಕಟ್ಟಿದರು. ಬೋರ್ಡ್ ಅದೇ ಇವತ್ತಿಗೂ ಓಡುತ್ತಿದೆ. ನಿಮ್ಮ ಕಾಕಾ ಬಳಿ ಇರುವುದು ಇಂಥ ಕೈ. ಅದು ರೀಲಿನ ಜೊತೆ ಹೋಗಬೇಕಾಗಿಲ್ಲ. ಅವರನ್ನು ಒಂದು ದಿನ ಕ್ಯಾಬಿನ್‌ಗೆ ಕರೆದುಕೊಂಡು ಹೋಗಿ.

ದಿನದ ಕೆಲಸ ಹೇಗಿರಬೇಕು ಅಂದರೆ, ಹೊಸ ಸಿನಿಮಾವನ್ನು ಗುರುವಾರ ಮಧ್ಯಾಹ್ನವೇ ಸರ್ವರ್‌ಗೆ ಏರಿಸಿ. ನಕಲಾಗಲು ಗಂಟೆಗಳೇ ಬೇಕು, ಶುಕ್ರವಾರ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ಕೀ ಬಂತೇ, ಯಾವ ಹೊತ್ತಿನಿಂದ ತೆರೆಯುತ್ತದೆ, ಯಾವಾಗ ಮುಗಿಯುತ್ತದೆ, ಯಾವ ಸರ್ವರ್ ಹೆಸರಿಗೆ ಇದೆ, ನಾಲ್ಕೂ ನೋಡಿ. ಗುರುವಾರ ಸಂಜೆಯೊಳಗೆ ಕೀ ಬಂದಿಲ್ಲ ಅಂದರೆ ಅವಾಗಲೇ ಮಾಲೀಕರಿಗೆ ಹೇಳಿ. ರಾತ್ರಿ ಹಂಚಿಕೆದಾರ ಫೋನ್ ಎತ್ತಬಹುದು, ಬೆಳಿಗ್ಗೆ ಹತ್ತಕ್ಕೆ ಎತ್ತುವುದು ಅನುಮಾನ. ನೀವು ನೋಡಿದ ಆ ಮಾರ್ನಿಂಗ್ ಶೋ ಬಹುಶಃ ಹೀಗೆ ಉಳಿಯುತ್ತಿತ್ತು. ಕೀ ತೆರೆದ ಕೂಡಲೇ ಮೊದಲ ನಿಮಿಷ, ಇಂಟರ್ವಲ್ ಹತ್ತಿರ ಒಂದು ನಿಮಿಷ, ಕೊನೇ ನಿಮಿಷ ಓಡಿಸಿ ನೋಡಿ.

ಆಮೇಲೆ ಕೆಳಗಿಳಿದು ಪರದೆ ನೋಡಿ. ಕ್ಯಾಬಿನ್ ಕಿಂಡಿಯಿಂದ ನೋಡಿದರೆ ಸಾಲದು. ಬಿಳಿ ಅಕ್ಷರಗಳ ಅಂಚಿನಲ್ಲಿ ಕೆಂಪೋ ಹಸಿರೋ ಗೆರೆ ಕಂಡರೆ ಮೂರು ಚಿಪ್‌ಗಳ ಹೊಂದಾಣಿಕೆ ತಪ್ಪಿದೆ ಅಂತ. ಬೆಳಕು ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್ (ಪರದೆಯ ಬೆಳಕು ಅಳೆಯುವ ಮಾನ) ಇರಬೇಕು ಅನ್ನುವುದು ನಿಯಮ. ದೀಪ ಹಳೆಯದಾದ ಹಾಗೆ ಇದು ಇಳಿಯುತ್ತದೆ. ಮಾಲೀಕರು ದೀಪದ ದುಡ್ಡು ಉಳಿಸಲು ಇನ್ನೂ ಎರಡು ತಿಂಗಳು ಅನ್ನುತ್ತಾರೆ. ಜನಕ್ಕೆ ಯಾಕೆ ಮಂಕು ಅಂತ ಗೊತ್ತಾಗುವುದಿಲ್ಲ, ಮೊಬೈಲಿನಲ್ಲೇ ಚೆನ್ನಾಗಿತ್ತು ಅಂತ ಎದ್ದು ಹೋಗುತ್ತಾರೆ. ತ್ರೀಡಿ ಸಿನಿಮಾ ಆದ ಮೇಲೆ ಲೆನ್ಸ್ ಮುಂದಿನ ಫಿಲ್ಟರ್ ತೆಗೆಯದೆ ಬಿಟ್ಟಿರುವುದೂ ಮಂಕಿಗೆ ಒಂದು ಕಾರಣ. ಹೊಸ ಲೇಸರ್ ಮಷೀನ್ ಆದರೆ ದೀಪ ಬದಲಿಸುವ ಕಾಟವೇ ಇಲ್ಲ, 20,000 ಗಂಟೆ ಹತ್ತಿರ ಬರುತ್ತದೆ. ಬೆಳಕು ಇಳಿಯುವುದು ಮಾತ್ರ ಅದಕ್ಕೂ ತಪ್ಪಿದ್ದಲ್ಲ.

ಹಾಗಾಗಿ ಕೆಲಸಕ್ಕೆ ಸೇರಿಕೊಳ್ಳಿ ಅನ್ನುತ್ತೇನೆ. ಸಂಬಳ ಮಾತಾಡುವಾಗ "ಬಟನ್ ಒತ್ತೋ ಕೆಲಸ" ಅಂತ ಅವರು ಅಂದರೆ, ಫಿಲ್ಟರ್, ಫ್ಯಾನು, ಯುಪಿಎಸ್, ಜನರೇಟರ್ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ.

ಕೊನೆಗೆ ಮನೆಯಲ್ಲಿರುವ ಮಷೀನ್. ಗುಜರಿಗೆ ಹಾಕಬೇಡಿ. ಹೊಸ ಪ್ರಿಂಟ್ ಈಗ ಬರುವುದಿಲ್ಲ. ಫ್ಯೂಜಿಯವರು 2013ರಲ್ಲೇ ಸಿನಿಮಾ ಫಿಲ್ಮ್ ತಯಾರಿಕೆ ನಿಲ್ಲಿಸಿದರು. ಅದರಿಂದ ಬದುಕು ನಡೆಯುವುದಿಲ್ಲ, ನಿಜ. ಆದರೆ ಕೈಯಿಂದ ತಿರುಗಿಸಿದರೆ ಶಾಲೆ ಮಕ್ಕಳಿಗೆ ಸಿನಿಮಾ ಹೇಗೆ ಓಡುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಮುಟ್ಟುವ ಮೊದಲು ದೀಪದ ಪೆಟ್ಟಿಗೆ ನೋಡಿ. ಕಾರ್ಬನ್ ಇದ್ದರೆ ಭಯವಿಲ್ಲ. ಉದ್ದನೆಯ ಗಾಜಿನ ಜೆನಾನ್ ಬಲ್ಬ್ ಇದ್ದರೆ ಕೈ ಹಾಕಬೇಡಿ. ತಣ್ಣಗಿದ್ದಾಗಲೂ ಅದರೊಳಗೆ ಭಾರೀ ಒತ್ತಡ ಇರುತ್ತದೆ, ಒಡೆದರೆ ಚೂರು ಗುಂಡಿನಂತೆ ಹಾರುತ್ತವೆ. ಮುಖಕ್ಕೆ ಶೀಲ್ಡ್, ಕೈಗೆ ದಪ್ಪ ಗ್ಲೌಸ್ ಇಲ್ಲದೆ ತೆಗೆಯುವ ಮಾತೇ ಇಲ್ಲ. ಕಾಕಾಗೆ ಅಭ್ಯಾಸ ಇದ್ದರೆ ಅವರ ಕೈಯಲ್ಲೇ ತೆಗೆಸಿ.

ಡಬ್ಬಿಗಳನ್ನು ಗಾಳಿ ಆಡುವ ಕಡೆ ತೆರೆಯಿರಿ. ವಿನೆಗರ್ ಥರ ಹುಳಿ ವಾಸನೆ ಹೊಡೆದರೆ ಅದು ಅಸಿಟೇಟ್ ಫಿಲ್ಮ್, ಕೊಳೆಯಲು ಶುರುವಾಗಿದೆ. ನಮ್ಮ ಸೆಕೆಗೆ ಬೇಗ ಕೊಳೆಯುತ್ತದೆ, ಪಕ್ಕದ ಡಬ್ಬಿಗೂ ಹಬ್ಬುತ್ತದೆ. ಅದನ್ನು ಬೇರೆ ಇಡಿ. ತುದಿಯಲ್ಲಿ ಒಂದಿಂಚು ಹರಿಯಲು ನೋಡಿ. ಕೈಯಲ್ಲಿ ಹರಿಯದಿದ್ದರೆ ಪಾಲಿಯೆಸ್ಟರ್, ಅದು ಗಟ್ಟಿ, ಬಹಳ ವರ್ಷ ಇರುತ್ತದೆ. ತಗಡಿನ ಮಾಳಿಗೆ ಕೆಳಗಿಂದ ತೆಗೆದು ಮನೆಯ ತಂಪಾದ ಕೋಣೆಯಲ್ಲಿ ಡಬ್ಬಿ ಮಲಗಿಸಿ ಇಡಿ. ಹಳೆಯ ಕನ್ನಡ ಸಿನಿಮಾದ ರೀಲ್ ಆಗಿದ್ದರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರಕ್ಕೆ ಒಂದು ಪತ್ರ ಹಾಕಿ. 1964ರಿಂದ ಇಂಥವನ್ನು ಕಾಪಾಡುವುದೇ ಅವರ ಕೆಲಸ. ಪತ್ರದಲ್ಲಿ ಸಿನಿಮಾದ ಹೆಸರು, ರೀಲ್ ನಂಬರ್, ಎಷ್ಟು ಡಬ್ಬಿ, ವಾಸನೆ ಇದೆಯೋ ಇಲ್ಲವೋ, ಇಷ್ಟು ಬರೆಯಿರಿ. ಡಬ್ಬಿ ಮೇಲೆ ಅಂಟಿಸಿದ ಹಳೆ ಚೀಟಿಗಳನ್ನು ಮಾತ್ರ ಕಿತ್ತು ಹಾಕಬೇಡಿ, ಅವರು ಮೊದಲು ಕೇಳುವುದೇ ಅದನ್ನು.